ಫೈರ್‌ವಾಲ್: ನಮ್ಮ ಗಣಕಯಂತ್ರದ ಕೋಟೆ ಬಾಗಿಲು

(ಸಂಘದ ವಾರ್ಷಿಕ ಸಮಾವೇಶದ ಪಾಲಕರ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಲೇಖಕಿ ಉರ್ದು ಮತ್ತು ಕನ್ನಡ ಶಿಕ್ಷಕಿ, ಬಿ.ಎ., ಬಿ.ಇಡಿ.)



ನಾನು ಗಣಕಯಂತ್ರ ಕಲಿಸುವ ಶಿಕ್ಷಕಿಯಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವವಳು. ಆದರೂ ಈ ವಿಷಯದ ಬಗ್ಗೆ ನಾನೇ ಮಾತನಾಡುತ್ತೇನೆ ಎಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಂಡೆ. ತಿಳಿದವರು ಹೇಳುವ ಮಾತು ಒಂದು ಬಗೆ, ಪೆಟ್ಟು ತಿಂದವರು ಹೇಳುವ ಮಾತು ಇನ್ನೊಂದು ಬಗೆ. ನನ್ನದು ಎರಡನೆಯದು. ಆ ಪೆಟ್ಟು ನನ್ನೊಬ್ಬಳಿಗೇ ಬಿದ್ದಿದ್ದರೆ ಸುಮ್ಮನಿರುತ್ತಿದ್ದೆ. ಅದು ನಮ್ಮ ಶಾಲೆಯ ಮಕ್ಕಳಿಗೂ ಬಿತ್ತು.

ನಡೆದದ್ದು ಇಷ್ಟು

2018ರ ಮಾತು. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕಾಲ. ನನ್ನ ತರಗತಿಯ 41 ಮಕ್ಕಳ ಆಧಾರ್ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆದಾಯ ಪ್ರಮಾಣಪತ್ರ, ಭಾವಚಿತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ. ಶಾಲೆಯಲ್ಲಿ ಕರೆಂಟು ಕೈಕೊಡುತ್ತಿದ್ದುದರಿಂದ ರಾತ್ರಿ ಮನೆಯಲ್ಲಿ ಕೂತು ಒಂದೊಂದೇ ಅರ್ಜಿ ತುಂಬುವುದು ನನ್ನ ಯೋಚನೆ.

ಅದೇ ಹೊತ್ತಿಗೆ ಉರ್ದು ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸವೂ ಬಂತು. ನಸ್ತಾಲೀಕ್ ಬರಹಕ್ಕೆ ಒಳ್ಳೆಯ ತಂತ್ರಾಂಶ ಬೇಕಿತ್ತು. ನನ್ನ ತಮ್ಮ, "ಆಪಾ, ಇದಕ್ಕೆಲ್ಲ ದುಡ್ಡು ಯಾಕೆ ಕೊಡ್ತೀರಿ? ಪುಕ್ಕಟೆ ಸಿಗ್ತದ, ಎಲ್ಲರೂ ಹಂಗೇ ಹಾಕ್ಕೋತಾರ" ಎಂದ. ಎಲ್ಲಿಂದಲೋ ಒಂದು ಕದ್ದ ಪ್ರತಿಯನ್ನು ಇಳಿಸಿಕೊಂಡ. ಅದರ ಜೊತೆಗಿದ್ದ ಸೂಚನೆಯಲ್ಲಿ ಮೊದಲ ಸಾಲೇ ಹೀಗಿತ್ತು: ಹಾಕುವ ಮುನ್ನ ಆಂಟಿವೈರಸ್ ಮತ್ತು ಫೈರ್‌ವಾಲ್ ಎರಡನ್ನೂ ಆಫ್ ಮಾಡಿ.

ನೀವೇ ಯೋಚಿಸಿ ನೋಡಿ. ಮನೆಗೆ ಬರುವ ಅತಿಥಿ, "ನಾನು ಬರುವ ಮುನ್ನ ನಾಯಿ ಕಟ್ಟಿಹಾಕಿ, ಕಾವಲುಗಾರನನ್ನು ಹೊರಗೆ ಕಳಿಸಿ, ಬಾಗಿಲು ತೆರೆದಿಡಿ" ಎಂದು ಹೇಳಿ ಕಳಿಸಿದರೆ ನಿಮಗೆ ಅನುಮಾನ ಬರುವುದಿಲ್ಲವೇ? ನಮಗೆ ಬರಲಿಲ್ಲ. ಆಫ್ ಮಾಡಿದೆವು. ತಂತ್ರಾಂಶ ಚೆನ್ನಾಗಿಯೇ ಓಡಿತು. ಪ್ರಶ್ನೆಪತ್ರಿಕೆ ಮುಗಿಯಿತು. ಫೈರ್‌ವಾಲನ್ನು ಮತ್ತೆ ಆನ್ ಮಾಡುವುದು ಇಬ್ಬರಿಗೂ ನೆನಪಾಗಲಿಲ್ಲ.

ಮೂರು ವಾರದ ಮೇಲೆ ತರಬೇತಿಗೆಂದು ಬೇರೆ ಊರಿಗೆ ಹೋದೆ. ಲಾಡ್ಜಿನಲ್ಲಿ ವೈಫೈ ಇತ್ತು. ಸೇರಿಕೊಂಡಾಗ ನನ್ನ ವಿಂಡೋಸ್ 7, "ಇದು ಹೋಮ್ ಜಾಲವೇ, ವರ್ಕ್ ಜಾಲವೇ, ಪಬ್ಲಿಕ್ ಜಾಲವೇ?" ಎಂದು ಕೇಳಿತು. ಮನೆಯಿಂದ ಅಷ್ಟು ದೂರ ಇದ್ದರೂ ನಾನು "ಹೋಮ್" ಒತ್ತಿದೆ. ಯಾಕೆಂದು ಕೇಳಬೇಡಿ, ಮೊದಲು ಕಂಡದ್ದನ್ನು ಒತ್ತಿದೆ ಅಷ್ಟೇ. ಮೂರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಒಂದು ಫೈಲೂ ತೆರೆಯುತ್ತಿಲ್ಲ. ಹೆಸರುಗಳೆಲ್ಲ ಬದಲಾಗಿವೆ. ಪರದೆಯ ಮೇಲೆ, ಹಣ ಕೊಟ್ಟರೆ ಬೀಗ ತೆರೆಯುತ್ತೇವೆ ಎಂಬ ಬರಹ.

ಊರಿಗೆ ಬಂದು ರಿಪೇರಿ ಅಂಗಡಿಯವರಿಗೆ ತೋರಿಸಿದೆ. ಅವರು ನೋಡಿ ಹೇಳಿದರು: "ಟೀಚರ್, ಫೈರ್‌ವಾಲ್ ಆಫ್ ಇದೆ, ಒಂದು ವರ್ಷದಿಂದ ಅಪ್‌ಡೇಟ್ ಆಗಿಲ್ಲ. ಈ ಕದ್ದ ತಂತ್ರಾಂಶದೊಳಗೂ ಹುಳ ಇದೆ. ಕಳ್ಳ ಯಾವ ಕಡೆಯಿಂದ ಬಂದ ಅಂತ ಹೇಳೋಕಾಗಲ್ಲ. ಎರಡೂ ಬಾಗಿಲು ತೆರೆದಿದ್ದವು."

ನಾನು ಹಣ ಕೊಡಲಿಲ್ಲ. ಕೊಟ್ಟಿದ್ದರೆ ಬೀಗ ತೆರೆಯುತ್ತಿತ್ತು ಎಂಬ ಭರವಸೆಯೂ ಇರಲಿಲ್ಲ. ಗಡುವಿಗೆ ಎಂಟು ದಿನ ಉಳಿದಿತ್ತು. ಮಕ್ಕಳಿಂದ ಮತ್ತೆ ಕಾಗದ ತರಿಸಿದೆ. 39 ಅರ್ಜಿಗಳು ಹೋದವು, ಇಬ್ಬರದು ಹೋಗಲಿಲ್ಲ. ಆ ಇಬ್ಬರಲ್ಲಿ ಒಬ್ಬ ಹುಡುಗಿಯ ತಾಯಿ ಮಣೂಕ ಆರಿಸುವ ಕೂಲಿಗೆ ಹೋಗುವಾಕೆ. ಆಕೆ ಕೂಲಿ ಬಿಟ್ಟು ಎರಡು ದಿನ ನಾಡಕಚೇರಿಗೆ ಅಲೆದರೂ ಪ್ರಮಾಣಪತ್ರ ವೇಳೆಗೆ ಸಿಗಲಿಲ್ಲ. ಶಾಲೆಗೆ ಬಂದಾಗ ಆಕೆ ಸಿಟ್ಟು ಮಾಡಲಿಲ್ಲ. ಒಂದೇ ಮಾತು ಕೇಳಿದಳು: "ಟೀಚರ್, ರೊಕ್ಕ ಹೋದ್ರ ಹೋಗ್ಲಿ ಬಿಡ್ರಿ. ನಮ್ಮ ಕಾಗದ ಯಾರ ಕೈಗೆ ಹೋಗ್ಯಾವ್ರಿ?"

ಆ ಇಬ್ಬರು ಮಕ್ಕಳಿಗೆ ಆ ವರ್ಷ ಬರಬೇಕಿದ್ದ ಹಣವನ್ನು ನನ್ನ ಸಂಬಳದಿಂದ ಕೊಟ್ಟೆ. ಅದು ದೊಡ್ಡ ಮಾತಲ್ಲ. ಆದರೆ ಆ ತಾಯಿಯ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಇಂದಿಗೂ ಇಲ್ಲ.

ಎರಡು ಭಾಷೆ ಕಲಿಸುವವಳಾದ್ದರಿಂದ ಒಂದು ಪದದ ಬಗ್ಗೆ ಹೇಳುತ್ತೇನೆ. ಉರ್ದುವಿನಲ್ಲಿ "ಅಮಾನತ್" ಎಂದರೆ ಇನ್ನೊಬ್ಬರು ನಂಬಿ ನಮ್ಮಲ್ಲಿ ಇಟ್ಟ ವಸ್ತು. ಅದೇ ಪದ ಕನ್ನಡ ಪತ್ರಿಕೆಗಳಲ್ಲಿ ಬಂದರೆ, ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ತೆಗೆದರು ಎಂದರ್ಥ. ಅಮಾನತ್ ಕಾಯದವರಿಗೆ ಅಮಾನತ್ತು! ನಗುವ ಮಾತಾದರೂ ನ್ಯಾಯವಾದ ಮಾತು. ಆ 41 ಮಕ್ಕಳ ಕಾಗದಗಳು ನನ್ನ ಬಳಿ ಅಮಾನತ್ ಆಗಿದ್ದವು. ಇಂದು ನಿಮ್ಮ ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನಿಮ್ಮ ಕುಟುಂಬದವರ ಎಷ್ಟು ಕಾಗದಗಳಿವೆ, ಎಷ್ಟು ಭಾವಚಿತ್ರಗಳಿವೆ ಎಂದು ಒಮ್ಮೆ ಎಣಿಸಿ ನೋಡಿ.

ಫೈರ್‌ವಾಲ್ ಎಂದರೇನು?

ಈ ಹೆಸರು ಮೊದಲು ಕಟ್ಟಡ ಕಟ್ಟುವವರದು. ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುವೆ, ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹಬ್ಬದಿರಲೆಂದು ಕಟ್ಟುವ ಗೋಡೆಗೆ ಫೈರ್‌ವಾಲ್ ಎನ್ನುತ್ತಾರೆ. ಗಣಕಯಂತ್ರದವರು ಈ ಹೆಸರನ್ನು ಎರವಲು ಪಡೆದರು. ಕನ್ನಡದಲ್ಲಿ ಕೆಲವರು "ಅಗ್ನಿಗೋಡೆ" ಎಂದೂ ಬರೆಯುತ್ತಾರೆ.

ಆದರೆ ನನಗೆ ಬೆಂಕಿಯ ಗೋಡೆಗಿಂತ ನಮ್ಮ ವಿಜಯಪುರದ ಕೋಟೆಗೋಡೆಯ ಹೋಲಿಕೆಯೇ ಚೆನ್ನಾಗಿ ಹೊಂದುತ್ತದೆ ಎನಿಸುತ್ತದೆ. ಒಂದನೇ ಅಲಿ ಆದಿಲ್ ಶಾಹನ ಕಾಲದ ಈ ಗೋಡೆಗೆ ಐದು ದೊಡ್ಡ ಬಾಗಿಲುಗಳು: ಮಕ್ಕಾ ದರ್ವಾಜಾ, ಶಹಾಪುರ ದರ್ವಾಜಾ, ಬಹಮನಿ ದರ್ವಾಜಾ, ಅಲ್ಲಾಪುರ ದರ್ವಾಜಾ, ಫತೇಹ್ ದರ್ವಾಜಾ. ಗೋಡೆ ಎಷ್ಟೇ ದಪ್ಪ ಇರಲಿ, ಊರು ಬದುಕುವುದು ಬಾಗಿಲುಗಳಿಂದ. ಧಾನ್ಯ ಬರಬೇಕು, ವ್ಯಾಪಾರಿ ಬರಬೇಕು, ಹೋದವರು ಮನೆಗೆ ಮರಳಬೇಕು. ಆದ್ದರಿಂದ ಬಾಗಿಲು ಮುಚ್ಚಿಯೇ ಇಡಲಾಗುವುದಿಲ್ಲ, ತೆರೆದೇ ಬಿಡಲೂ ಆಗುವುದಿಲ್ಲ. ಅಲ್ಲಿ ಒಬ್ಬ ದರ್ಬಾನ್ ಬೇಕು. ಯಾರು, ಎಲ್ಲಿಂದ, ಯಾವ ಕೆಲಸಕ್ಕೆ ಎಂದು ಕೇಳಿ ಬಿಡುವವನು. ಫೈರ್‌ವಾಲ್ ಆ ದರ್ಬಾನನ ಕೆಲಸ ಮಾಡುವ ತಂತ್ರಾಂಶ.

ನಮ್ಮ ಊರಿಗೆ ಐದು ಬಾಗಿಲಾದರೆ ಗಣಕಯಂತ್ರಕ್ಕೆ ಎಷ್ಟು ಗೊತ್ತೇ? ಪೋರ್ಟ್ ಎಂದು ಕರೆಯುವ ದಿಡ್ಡಿ ಬಾಗಿಲುಗಳು 0ಯಿಂದ 65,535ರವರೆಗೆ, ಅಂದರೆ ಒಟ್ಟು 65,536. ಇವು ಕಣ್ಣಿಗೆ ಕಾಣುವ ತೂತುಗಳಲ್ಲ, ಕೇವಲ ಸಂಖ್ಯೆಗಳು. ಒಂದೊಂದು ಕೆಲಸಕ್ಕೆ ಒಂದೊಂದು ಸಂಖ್ಯೆ ಗೊತ್ತಾಗಿದೆ. ಬ್ಯಾಂಕಿನ ತಾಣದಂಥ ಸುರಕ್ಷಿತ ಜಾಲತಾಣಗಳು 443ನೇ ಬಾಗಿಲಿನಲ್ಲಿ ಮಾತನಾಡುತ್ತವೆ. ವಿಂಡೋಸ್‌ನಲ್ಲಿ ಒಂದು ಯಂತ್ರದ ಫೈಲನ್ನು ಇನ್ನೊಂದು ಯಂತ್ರಕ್ಕೆ ಹಂಚುವ ಕೆಲಸ 445ರಲ್ಲಿ ನಡೆಯುತ್ತದೆ. ದೂರದಿಂದ ಯಂತ್ರವನ್ನು ನಡೆಸುವ ಸೌಲಭ್ಯ 3389ರಲ್ಲಿ.

ಅಂತರ್ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಓಡಾಡುತ್ತದೆ. ಅಂಚೆಯ ಲಕೋಟೆಯ ಹಾಗೆ ಪ್ರತಿಯೊಂದರ ಮೇಲೂ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ, ಬಾಗಿಲಿನ ಸಂಖ್ಯೆ ಇರುತ್ತದೆ. ಫೈರ್‌ವಾಲ್ ಈ ಲಕೋಟೆಯ ಮೇಲ್ಬರಹ ನೋಡಿ, ತನ್ನ ಬಳಿ ಇರುವ ನಿಯಮಗಳ ಪಟ್ಟಿಗೆ ಹೋಲಿಸಿ, ಬಿಡುತ್ತದೆ ಅಥವಾ ತಡೆಯುತ್ತದೆ.

ಅದಕ್ಕೆ ನೆನಪಿನ ಶಕ್ತಿಯೂ ಇದೆ. ನೀವು ಹುಡುಗನನ್ನು ಅಂಗಡಿಗೆ ಸಕ್ಕರೆ ತರಲು ಕಳಿಸಿದಿರಿ ಎನ್ನಿ. ದರ್ಬಾನ್ ಅದನ್ನು ನೋಡಿರುತ್ತಾನೆ. ಹುಡುಗ ಸಕ್ಕರೆ ಹಿಡಿದು ಮರಳಿದಾಗ ಒಳಗೆ ಬಿಡುತ್ತಾನೆ. ಯಾರೂ ಕರೆಯದ ಅಪರಿಚಿತ ಬಂದರೆ ತಡೆಯುತ್ತಾನೆ. ಹಾಗೆಯೇ ನೀವು ಒಂದು ತಾಣವನ್ನು ತೆರೆದಾಗ ಅಲ್ಲಿಂದ ಬರುವ ಉತ್ತರವನ್ನು ಫೈರ್‌ವಾಲ್ ಒಳಗೆ ಬಿಡುತ್ತದೆ. ನೀವು ಕೇಳದೆಯೇ ಹೊರಗಿನಿಂದ ಬಾಗಿಲು ತಟ್ಟುವವರನ್ನು ತಡೆಯುತ್ತದೆ. ಸಾಮಾನ್ಯ ಬಳಕೆದಾರರಿಗೆ ಇದರ ದೊಡ್ಡ ಉಪಕಾರ ಇದೇ.

ಇತಿಹಾಸ ಕಲಿಸಿದ ಪಾಠ

"ನನ್ನಂಥ ಬಡ ಮಾಸ್ತರನ ಗಣಕಯಂತ್ರಕ್ಕೆ ಯಾರು ಬರ್ತಾರೆ?" ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿರಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಹುಳುಗಳು ಹೆಸರು ಕೇಳಿ ಬರುವುದಿಲ್ಲ. ಬೀದಿಯ ಪ್ರತಿ ಮನೆಯ ಚಿಲಕ ಅಲುಗಾಡಿಸಿ, ಯಾವುದು ತೆರೆದಿದೆಯೋ ಅಲ್ಲಿಗೆ ನುಗ್ಗುತ್ತವೆ.

1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ಪ್ರೋಗ್ರಾಂ ತನ್ನಷ್ಟಕ್ಕೆ ತಾನೇ ಯಂತ್ರದಿಂದ ಯಂತ್ರಕ್ಕೆ ಹರಡಿತು. ಆಗ ಅಂತರ್ಜಾಲಕ್ಕೆ ಸೇರಿದ್ದ ಯಂತ್ರಗಳೇ ಕಡಿಮೆ. ಅವುಗಳಲ್ಲಿ ಸುಮಾರು 6,000 ಯಂತ್ರಗಳು ತೊಂದರೆಗೊಳಗಾದವು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಎಲ್ಲರನ್ನೂ ನಂಬಿ ಬಾಗಿಲು ತೆರೆದಿಡುವ ಕಾಲ ಮುಗಿಯಿತು ಎಂದು ಆಗ ಜನರಿಗೆ ಮನವರಿಕೆಯಾಯಿತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಫೈರ್‌ವಾಲ್ ಇತ್ತು. ಆದರೆ ಅದು ಆಫ್ ಆಗಿಯೇ ಬರುತ್ತಿತ್ತು. ದರ್ಬಾನನಿಗೆ ಸಂಬಳ ಕೊಟ್ಟು ಮಲಗಲು ಬಿಟ್ಟ ಹಾಗೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳ 135ನೇ ಬಾಗಿಲಿನಿಂದ ನುಗ್ಗಿತು. ಅದಕ್ಕೆ ಮದ್ದು ಹಿಂದಿನ ತಿಂಗಳೇ, ಅಂದರೆ ಜುಲೈನಲ್ಲೇ ಬಂದಿತ್ತು. ಬಹಳ ಜನ ಹಾಕಿಕೊಂಡಿರಲಿಲ್ಲ. ಪರದೆಯ ಮೇಲೆ 60 ಸೆಕೆಂಡಿನ ಎಣಿಕೆ ಕಾಣಿಸಿ ಯಂತ್ರ ತಾನಾಗಿಯೇ ಮುಚ್ಚಿ ತೆರೆಯುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಸೈಬರ್ ಕೆಫೆಗಳಲ್ಲಿ ನೋಡಿರಬಹುದು. ಮರುವರ್ಷ, 2004ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನಿಂದ ಫೈರ್‌ವಾಲ್ ಮೊದಲಿನಿಂದಲೇ ಆನ್ ಆಗಿ ಬರತೊಡಗಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಆದರೂ ಹಾಕಿದರಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ.

ಮೂರನೆಯದು 2017ರ ಮೇ 12ರಂದು ಹರಡಿದ ವಾನಾಕ್ರೈ. ಇದು ಫೈಲುಗಳಿಗೆ ಬೀಗ ಹಾಕಿ, ತೆರೆಯಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ನುಗ್ಗಿದ್ದು 445ನೇ ಬಾಗಿಲಿನಿಂದ, ಅದೇ ಫೈಲು ಹಂಚುವ ಬಾಗಿಲು. ಕೆಲವೇ ದಿನಗಳಲ್ಲಿ 150ರಷ್ಟು ದೇಶಗಳಿಗೆ ತಲುಪಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳನ್ನು ರದ್ದು ಮಾಡಬೇಕಾಯಿತು. ಇದಕ್ಕೂ ಮದ್ದು ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಬಂದಿತ್ತು. ಮದ್ದು ಹಾಕಿಕೊಂಡವರು ಉಳಿದರು. ಹೊರಗಿನಿಂದ 445ಕ್ಕೆ ಬರುವವರನ್ನು ಫೈರ್‌ವಾಲಿನಲ್ಲಿ ತಡೆದಿದ್ದ ಯಂತ್ರಗಳಿಗೂ ಅದು ಆ ದಾರಿಯಿಂದ ನುಗ್ಗಲಾಗಲಿಲ್ಲ.

ಮೂರು ಕಥೆಗಳಿಂದ ತಿಳಿಯುವುದು ಇಷ್ಟೇ: ಅಪ್‌ಡೇಟ್ ಮತ್ತು ಫೈರ್‌ವಾಲ್ ಜೋಡೆತ್ತುಗಳು. ಒಂದನ್ನು ಬಿಚ್ಚಿದರೆ ಗಾಡಿ ವಾಲುತ್ತದೆ. ನಾನು ಎರಡನ್ನೂ ಬಿಚ್ಚಿದ್ದೆ.

ಇಂದು ರಾತ್ರಿಯೇ ಮಾಡಬೇಕಾದ ಕೆಲಸ

ಈಗ ಕೈಗೆ ಬರುವ ಮಾತಿಗೆ ಬರೋಣ. ದುಡ್ಡು ಖರ್ಚು ಮಾಡಬೇಕಾಗಿಲ್ಲ. ನಿಮ್ಮ ವಿಂಡೋಸ್ 10 ಅಥವಾ 11ರಲ್ಲಿ ಫೈರ್‌ವಾಲ್ ಈಗಾಗಲೇ ಇದೆ. ಸ್ಟಾರ್ಟ್ ಒತ್ತಿ "ವಿಂಡೋಸ್ ಸೆಕ್ಯುರಿಟಿ" ತೆರೆಯಿರಿ. ಅಲ್ಲಿ "ಫೈರ್‌ವಾಲ್ ಆ್ಯಂಡ್ ನೆಟ್‌ವರ್ಕ್ ಪ್ರೊಟೆಕ್ಷನ್" ಎಂಬುದರ ಮೇಲೆ ಒತ್ತಿ. ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಸಾಲು ಕಾಣುತ್ತವೆ. ಮೂರರ ಕೆಳಗೂ "ಫೈರ್‌ವಾಲ್ ಈಸ್ ಆನ್" ಎಂದಿರಬೇಕು. ಒಂದರಲ್ಲಾದರೂ ಆಫ್ ಇದ್ದರೆ ಅದನ್ನು ತೆರೆದು ಆನ್ ಮಾಡಿ. ಎರಡು ನಿಮಿಷದ ಕೆಲಸ.

ಈ ಮೂರರ ಅರ್ಥ ತಿಳಿದಿರಲಿ. ಡೊಮೇನ್ ದೊಡ್ಡ ಕಚೇರಿಗಳ ಜಾಲಕ್ಕೆ. ಪ್ರೈವೇಟ್ ನಿಮ್ಮ ಸ್ವಂತ ಮನೆಯ ಜಾಲಕ್ಕೆ. ಪಬ್ಲಿಕ್ ಉಳಿದ ಎಲ್ಲದಕ್ಕೂ: ಲಾಡ್ಜು, ರೈಲು ನಿಲ್ದಾಣ, ಆಸ್ಪತ್ರೆ, ಹೋಟೆಲು, ಹಾಸ್ಟೆಲು. ಪಬ್ಲಿಕ್ ಎಂದು ಗುರುತಿಸಿದಾಗ ನಿಮ್ಮ ಯಂತ್ರ ಸುತ್ತಲಿನ ಯಂತ್ರಗಳ ಕಣ್ಣಿಗೆ ಬೀಳದಂತೆ ಮುಸುಕು ಹಾಕಿಕೊಳ್ಳುತ್ತದೆ, ನಿಯಮಗಳನ್ನೂ ಬಿಗಿ ಮಾಡುತ್ತದೆ. ಸಂಶಯ ಬಂದರೆ ಪಬ್ಲಿಕ್ ಆರಿಸಿ. ಪಬ್ಲಿಕ್ ಎಂದರೆ "ಎಲ್ಲರಿಗೂ ತೆರೆದಿಡು" ಎಂದು ಅರ್ಥ ಮಾಡಿಕೊಂಡು ಹೆದರುವವರಿದ್ದಾರೆ. ಅರ್ಥ ಅದರ ತದ್ವಿರುದ್ಧ: "ನಾನು ಸಂತೆಯಲ್ಲಿದ್ದೇನೆ, ಜೇಬು ಭದ್ರ ಮಾಡು" ಎಂದು.

ಅಪರಿಚಿತ ಜಾಲದಲ್ಲಿ ಇನ್ನೂ ಹೆಚ್ಚಿನ ಭದ್ರತೆ ಬೇಕೆನಿಸಿದರೆ ಅದೇ ಪುಟದಲ್ಲಿ ಪಬ್ಲಿಕ್ ತೆರೆದು, ಒಳಬರುವ ಎಲ್ಲ ಸಂಪರ್ಕಗಳನ್ನೂ ತಡೆಯುವ ಚೌಕಕ್ಕೆ ಗುರುತು ಹಾಕಬಹುದು. ಆಗ ನೀವು ಕೇಳಿದ ಉತ್ತರಗಳು ಮಾತ್ರ ಒಳಗೆ ಬರುತ್ತವೆ. ನೀವು ತಾಣ ನೋಡುವುದಕ್ಕೆ, ಮಿಂಚಂಚೆ ಓದುವುದಕ್ಕೆ ಅಡ್ಡಿಯಿಲ್ಲ.

ಕೆಲವು ಸಲ ಹೊಸ ತಂತ್ರಾಂಶ ಹಾಕಿದಾಗ, ಹೆಚ್ಚಾಗಿ ಮಕ್ಕಳು ಆಟಗಳನ್ನು ಹಾಕಿದಾಗ, ಫೈರ್‌ವಾಲ್ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಬಿಡಲೇ, ಬೇಡವೇ? ನಮ್ಮ ಮಕ್ಕಳು ಓದದೆಯೇ "ಅಲೋ" ಒತ್ತುತ್ತಾರೆ. ನಾವೂ ಅಷ್ಟೇ. ಆ ಪ್ರಶ್ನೆ ಬಂದರೆ ಅದು ದರ್ಬಾನ್ ಬಾಗಿಲಲ್ಲಿ ನಿಂತು, "ಯಜಮಾನರೇ, ಇವರು ಬಂದವರನ್ನೆಲ್ಲ ತಾವೇ ಒಳಗೆ ಬರಮಾಡಿಕೊಳ್ಳುತ್ತಾರಂತೆ, ಒಪ್ಪಿಗೆಯೇ?" ಎಂದು ಕೇಳುವುದು. ತಂತ್ರಾಂಶದ ಹೆಸರು ಓದಿ. ಗೊತ್ತಿಲ್ಲದ್ದಾದರೆ "ಕ್ಯಾನ್ಸಲ್" ಒತ್ತಿ. ಹೆಚ್ಚಿನ ತಂತ್ರಾಂಶಗಳು ಆಮೇಲೂ ಓಡುತ್ತವೆ. ಏಕೆಂದರೆ ಅವುಗಳಿಗೆ ಹೊರಗೆ ಹೋಗಿ ಬರುವುದು ಸಾಕು. ಹಿಂದೆ ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿಯೂ ಅಲ್ಲೇ ಇದೆ. ವರ್ಷಕ್ಕೊಮ್ಮೆ ಅದನ್ನು ತೆರೆದು ಬೇಡವಾದವರ ಗುರುತು ತೆಗೆಯಿರಿ.

ಮ್ಯಾಕ್ ಇರುವವರು ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರಲ್ಲಿ ಫೈರ್‌ವಾಲ್ ನೋಡಿ, ಆಫ್ ಇದ್ದರೆ ಆನ್ ಮಾಡಿ. ಕೆಲವು ಶಾಲೆಗಳಲ್ಲಿ ಉಬುಂಟು ಬಳಸುತ್ತಾರೆ. ಅದರಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಇದ್ದರೂ ಮೊದಲಿಗೆ ಆಫ್ ಆಗಿರುತ್ತದೆ. ಟರ್ಮಿನಲ್‌ನಲ್ಲಿ ಒಂದೇ ಆಜ್ಞೆಯಿಂದ ಆನ್ ಆಗುತ್ತದೆ. ಗಣಕಯಂತ್ರ ಶಿಕ್ಷಕರನ್ನು ಕೇಳಿದರೆ ಮಾಡಿಕೊಡುತ್ತಾರೆ.

ಮನೆಯ ವೈಫೈ ರೌಟರ್ ಕೂಡ ಒಂದು ಹೊರಗೋಡೆ. ಮನೆಯ ಎಲ್ಲ ಸಾಧನಗಳೂ ಹೊರಜಗತ್ತಿಗೆ ಅದರ ಒಂದೇ ವಿಳಾಸದಿಂದ ಕಾಣುತ್ತವೆ. ಹೀಗಾಗಿ ಹೊರಗಿನವರು ನೇರವಾಗಿ ನಿಮ್ಮ ಯಂತ್ರದ ಬಾಗಿಲು ತಟ್ಟುವುದು ಕಷ್ಟ. ಆದರೆ ರೌಟರನ್ನು ಕೊಟ್ಟವರು ಇಟ್ಟ ಮೂಲ ಗುಪ್ತಪದವನ್ನೇ ಉಳಿಸಿಕೊಂಡರೆ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಅದನ್ನು ಬದಲಿಸಿ. ರೌಟರ್ ಇದೆಯೆಂದು ಲ್ಯಾಪ್‌ಟಾಪಿನ ಫೈರ್‌ವಾಲ್ ಆಫ್ ಮಾಡಬೇಡಿ. ಲ್ಯಾಪ್‌ಟಾಪ್ ಮನೆ ಬಿಟ್ಟು ಹೊರಟಾಗ ರೌಟರ್ ಜೊತೆಗೆ ಬರುವುದಿಲ್ಲ. ನನ್ನ ಲಾಡ್ಜಿನ ಕಥೆ ನೆನಪಿರಲಿ.

ಮೊಬೈಲಿನ ವಿಚಾರ

ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಇದೆ. ಆಂಡ್ರಾಯ್ಡ್‌ನಲ್ಲಿ ವಿಂಡೋಸ್‌ನ ಹಾಗೆ ನಾವು ತೆರೆದು ಮುಚ್ಚುವ ಫೈರ್‌ವಾಲ್ ಇರುವುದಿಲ್ಲ. ಬದಲಿಗೆ ಪ್ರತಿ ಆ್ಯಪನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟು, ಸಂದೇಶ, ಸಂಪರ್ಕ, ಕ್ಯಾಮೆರಾ ಮುಂತಾದವುಗಳಿಗೆ ನಮ್ಮ ಒಪ್ಪಿಗೆ ಕೇಳುವ ವ್ಯವಸ್ಥೆ ಇದೆ. ಅಲ್ಲಿ ದರ್ಬಾನ್ ನೀವೇ. ಟಾರ್ಚಿನ ಆ್ಯಪಿಗೆ ನಿಮ್ಮ ಸಂದೇಶಗಳನ್ನು ಓದುವ ಒಪ್ಪಿಗೆ ಯಾಕೆ ಬೇಕು? ಕೊಡಬೇಡಿ. ಬಳಸದ ಆ್ಯಪ್‌ಗಳಿಗೆ ಹಿನ್ನೆಲೆಯಲ್ಲಿ ಡೇಟಾ ಬಳಸದಂತೆ ಸೆಟ್ಟಿಂಗ್ಸ್‌ನಲ್ಲಿ ತಡೆಯಬಹುದು.

ಯಾವ ಆ್ಯಪ್ ಅಂತರ್ಜಾಲಕ್ಕೆ ಹೋಗಬಹುದು, ಯಾವುದು ಹೋಗಬಾರದು ಎಂದು ತೀರ್ಮಾನಿಸುವ ಫೈರ್‌ವಾಲ್ ಆ್ಯಪ್‌ಗಳೂ ಇವೆ. ನೆಟ್‌ಗಾರ್ಡ್ ಅಂಥ ಒಂದು ಮುಕ್ತ ತಂತ್ರಾಂಶ. ಇಂಥವು ಫೋನಿನ ವಿಪಿಎನ್ ಸೌಲಭ್ಯವನ್ನು ಬಳಸಿ ಕೆಲಸ ಮಾಡುತ್ತವೆ. ಅಂದರೆ ನಿಮ್ಮ ಓಡಾಟವೆಲ್ಲ ಆ ಆ್ಯಪಿನ ಕೈದಾಟಿ ಹೋಗುತ್ತದೆ. ಆದ್ದರಿಂದ ಹೆಸರು ಗೊತ್ತಿಲ್ಲದ, "ಉಚಿತ ಸುರಕ್ಷೆ" ಎಂದು ಜಾಹೀರಾತು ಕೊಡುವ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಕಳ್ಳನನ್ನೇ ಕಾವಲಿಗೆ ಇಟ್ಟಂತಾದೀತು.

ಫೈರ್‌ವಾಲ್ ಏನನ್ನು ಮಾಡಲಾರದು?

ಇದನ್ನು ಹೇಳದೆ ಹೋದರೆ ನಾನು ನಿಮಗೆ ಮೋಸ ಮಾಡಿದಂತೆ. ದರ್ಬಾನ್ ಹೊರಗಿನವರನ್ನು ತಡೆಯಬಲ್ಲ. ಯಜಮಾನನೇ ಕೈಹಿಡಿದು ಒಳಗೆ ಕರೆತಂದವನನ್ನು ತಡೆಯಲಾರ. ನಾವೇ ಹಾಕಿದ ಆ ಕದ್ದ ತಂತ್ರಾಂಶದೊಳಗೆ ಹುಳ ಇತ್ತಲ್ಲ, ಅದನ್ನು ಫೈರ್‌ವಾಲ್ ಆನ್ ಇದ್ದರೂ ಬಹುಶಃ ತಡೆಯುತ್ತಿರಲಿಲ್ಲ. ವಿಂಡೋಸ್ ಫೈರ್‌ವಾಲ್ ಒಳಗೆ ಬರುವವರನ್ನು ತಡೆಯುತ್ತದೆ. ಒಳಗಿನಿಂದ ಹೊರಗೆ ಹೋಗುವವರನ್ನು, ನಾವು ಬೇರೆ ನಿಯಮ ಬರೆಯದ ಹೊರತು, ಬಿಡುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ಹೆಸರಿನಲ್ಲಿ ಎಪಿಕೆ ಫೈಲ್ ಬರುತ್ತದೆ. ತೆರೆದರೆ ಕರೆಯೋಲೆ ಇರುವುದಿಲ್ಲ, ಸಂದೇಶ ಕದಿಯುವ ಆ್ಯಪ್ ಇರುತ್ತದೆ. ಬ್ಯಾಂಕಿನವರು ಎಂದು ಹೇಳಿ ಒಟಿಪಿ ಕೇಳುತ್ತಾರೆ. ಪೊಲೀಸರು ಎಂದು ಹೇಳಿ ವಿಡಿಯೋ ಕರೆಯಲ್ಲಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಇಲ್ಲೆಲ್ಲ ಫೈರ್‌ವಾಲ್ ಕೆಲಸಕ್ಕೆ ಬಾರದು, ನಿಮ್ಮ ವಿವೇಕವೇ ಕಾವಲು. ಹಣ ಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಳೆಯ ಯಂತ್ರದ ಬಗ್ಗೆಯೂ ಒಂದು ಮಾತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಗೋಡೆ ಬಿರುಕು ಬಿಟ್ಟರೆ ಮುಚ್ಚುವ ಗಾರೆಯವನು ಇನ್ನು ತಾನಾಗಿ ಬರುವುದಿಲ್ಲ. ಗೋಡೆ ಬಿರಿದ ಕೋಟೆಯಲ್ಲಿ ದರ್ಬಾನ್ ಒಬ್ಬನೇ ಏನು ಮಾಡಿಯಾನು? ಸಾಧ್ಯವಿದ್ದವರು ಹೊಸದಕ್ಕೆ ಹೋಗಿ. ಯಂತ್ರ ಹಳೆಯದಾದರೆ ಉಬುಂಟುವಿನಂಥ ಉಚಿತ ವ್ಯವಸ್ಥೆ ಹಾಕಿಸಿ.

ಕದ್ದ ತಂತ್ರಾಂಶದ ಅಗತ್ಯವೂ ಇಂದು ಇಲ್ಲ. ಉರ್ದುವಿಗೆ ನೋಟೋ ನಸ್ತಾಲೀಕ್ ಎಂಬ ಲಿಪಿ ಉಚಿತವಾಗಿದೆ, ವಿಂಡೋಸ್‌ನಲ್ಲಿಯೇ ಉರ್ದು ಕೀಲಿಮಣೆ ಇದೆ. ಕನ್ನಡಕ್ಕೆ ನುಡಿ ಇದೆ. ಈಗ ನನ್ನ ಎರಡೂ ಭಾಷೆಯ ಪ್ರಶ್ನೆಪತ್ರಿಕೆಗಳು ಇವುಗಳಲ್ಲೇ ತಯಾರಾಗುತ್ತವೆ. ಒಂದು ರೂಪಾಯಿ ಖರ್ಚಿಲ್ಲ, ಯಾರ ಬಾಗಿಲನ್ನೂ ತೆರೆದಿಡುವ ಸೂಚನೆಯೂ ಇಲ್ಲ.

ಕೊನೆಯ ಮಾತು

ನೆನಪಿಗೆ ಐದು ಮಾತು ಹೇಳುತ್ತೇನೆ. ಫೈರ್‌ವಾಲ್ ಆನ್ ಇರಲಿ. ಅಪ್‌ಡೇಟ್ ನಿಲ್ಲದಿರಲಿ. ಹೊರಗಿನ ವೈಫೈ ಎಲ್ಲವೂ ಪಬ್ಲಿಕ್ ಆಗಿರಲಿ. ಮುಖ್ಯ ಕಾಗದಗಳ ಇನ್ನೊಂದು ಪ್ರತಿ, ಯಂತ್ರಕ್ಕೆ ಜೋಡಿಸದೆ ಬೇರೆ ಕಡೆ ಇರಲಿ. ಕಾವಲು ತೆಗೆಯಿರಿ ಎಂದು ಹೇಳುವ ಯಾವ ತಂತ್ರಾಂಶವನ್ನೂ ಹಾಕಬೇಡಿ.

ಶಿಕ್ಷಕ ಬಂಧುಗಳಿಗೆ ಇನ್ನೊಂದು ಮಾತು. ನಮ್ಮ ಕೈಗೆ ಬರುವ ಮಕ್ಕಳ ಕಾಗದಗಳು ನಮ್ಮ ಸ್ವತ್ತಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆಂದು ಹೇಳಿದೆ. ಕಾಯ್ದೆ ಹೇಳದಿದ್ದರೂ ಅದು ನಮ್ಮ ಕರ್ತವ್ಯವೇ. ನಾನೀಗ ಮಕ್ಕಳ ಕಾಗದಗಳನ್ನು ಮನೆಗೆ ಒಯ್ಯುವುದಿಲ್ಲ. ಅರ್ಜಿ ಹೋದ ಮೇಲೆ ಸ್ಕ್ಯಾನ್ ಪ್ರತಿಗಳನ್ನು ಅಳಿಸುತ್ತೇನೆ. ಶಾಲೆಯ ಯಂತ್ರದ ಫೈರ್‌ವಾಲ್ ಆನ್ ಇದೆಯೇ ಎಂದು ಪ್ರತಿ ಸೋಮವಾರ ಹಾಜರಿ ಕರೆಯುವ ಮುನ್ನ ನೋಡುತ್ತೇನೆ. ನನ್ನ ತಮ್ಮನೂ ಈಗ ಗೆಳೆಯರ ಲ್ಯಾಪ್‌ಟಾಪ್ ಕಂಡರೆ ಮೊದಲು ಅದನ್ನೇ ನೋಡುತ್ತಾನೆ.

ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬಲು ತಾಯಿಯೊಡನೆ ನಮ್ಮ ಶಾಲೆಗೇ ಬಂದಿದ್ದಳು. ತಾಯಿ ಕಾಗದಗಳ ಕವರನ್ನು ನನ್ನ ಕೈಗೆ ಕೊಡುತ್ತಾ, "ಟೀಚರ್, ಈ ಸಲ ಬಾಗಿಲು ಹಾಕೀರಿಲ್ರಿ?" ಎಂದು ನಕ್ಕಳು. ಯಂತ್ರವನ್ನು ತಿರುಗಿಸಿ ಆ ಮೂರು ಸಾಲುಗಳನ್ನು ಆಕೆಗೆ ತೋರಿಸಿದೆ. ಆಕೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಗಳು ಓದಿ ಹೇಳಿದಳು.

ನೀವೂ ಇಂದು ಮನೆಗೆ ಹೋಗಿ ನಿಮ್ಮ ಮಕ್ಕಳಿಂದ ಆ ಮೂರು ಸಾಲು ಓದಿಸಿ.